ತಾತನ ಡಬ್ಬಿಯ ಹುರುಪೆ, ಈಗಿನ ಬಿಳಿ ಮೀನು: ಮೂಲ ಯಾವುದು ಅಂತ ಡಿಎನ್‌ಎ ಹೇಳುತ್ತದಾ?

ಪ್ರಶ್ನೆ: ನಾನು ಬೆಂಗಳೂರಿನ ಬನಶಂಕರಿಯಲ್ಲಿದ್ದೇನೆ. ಊರು ಮಳವಳ್ಳಿ ಕಡೆ. ನಮ್ಮ ತಾತನಿಗೆ ಕಾವೇರಿಯಲ್ಲಿ ಗಾಳ ಹಾಕುವ ಹುಚ್ಚು. ರಾಗಿ ಉಂಡೆ ಸಿಕ್ಕಿಸಿ ದೊಡ್ಡ ದೊಡ್ಡ ಬಿಳಿ ಮೀನು, ಅಂದರೆ ಮಹಶೀರ್, ಹಿಡಿಯುತ್ತಿದ್ದರಂತೆ. ಅವುಗಳ ಬೆನ್ನು ಎತ್ತಿನ ಹಿಣಿಲಿನ ಹಾಗೆ ಉಬ್ಬಿತ್ತು, ರೆಕ್ಕೆ ಕೆಂಪಗಿತ್ತು ಅಂತ ಅಪ್ಪ ಹೇಳುತ್ತಾರೆ. 1960ರ ಸುಮಾರಿಗೆ ತಾತ ಎತ್ತಿಟ್ಟ ಕೆಲವು ಹುರುಪೆಗಳು ಹಳೇ ಬಿಸ್ಕೆಟ್ ಡಬ್ಬಿಯಲ್ಲಿ ಇನ್ನೂ ಇವೆ. ಹೋದ ತಿಂಗಳು ತಲಕಾಡಿನಿಂದ ಕೆಳಗೆ ಪರಿಚಯದ ಮೀನುಗಾರರೊಬ್ಬರ ಬಲೆಗೆ ಒಂದು ಬಿಳಿ ಮೀನು ಬಿತ್ತು. ಬೆನ್ನಿನ ಮೇಲೆ ಉಬ್ಬಿಲ್ಲ, ರೆಕ್ಕೆ ನೀಲಿ ಛಾಯೆಯದು. ಒಂದು ತುಂಡನ್ನು ಫ್ರೀಜರ್‌ನಲ್ಲಿಟ್ಟಿದ್ದೇನೆ. ಜನರಿಗೆ ಎಂಜಲು ಪರೀಕ್ಷೆ ಮಾಡಿ ಮೂಲ ಹೇಳುತ್ತಾರಲ್ಲ, ಹಾಗೇ ಇದನ್ನು ಲ್ಯಾಬ್‌ಗೆ ಕೊಟ್ಟರೆ ಇಷ್ಟು ಪರ್ಸೆಂಟ್ ಕಾವೇರಿ, ಇಷ್ಟು ಪರ್ಸೆಂಟ್ ಹೊರಗಿನದು ಅಂತ ಬರೆದು ಕೊಡುತ್ತಾರೆ ಎಂದು ನನ್ನ ಭಾವಮೈದುನ ಹೇಳುತ್ತಾನೆ. ನಿಜವೇ? ಇನ್ನೊಂದು ವಿಷಯ. ತಾತನ ನೆನಪಿಗೆ ಒಂದು ಸಾವಿರ ಮಹಶೀರ್ ಮರಿ ತಂದು ಹೊಳೆಗೆ ಬಿಡೋಣ ಅಂತ ನಾವು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೇವೆ. ತಪ್ಪೇನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರ ಓದುತ್ತಾ ನನ್ನ ಕಣ್ಣು ನಿಂತಿದ್ದು ಫ್ರೀಜರ್‌ನ ತುಂಡಿನ ಮೇಲಲ್ಲ, ಆ ಬಿಸ್ಕೆಟ್ ಡಬ್ಬಿಯ ಮೇಲೆ. ಯಾಕೆ ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಒಂದು ಸಹಾಯ ಮಾಡಿ, ಡಬ್ಬಿಯನ್ನು ತೊಳೆಯಬೇಡಿ, ಹುರುಪೆಗಳನ್ನು ಒರೆಸಬೇಡಿ.

ನಿಮ್ಮ ಆತಂಕ ನನಗೆ ಅರ್ಥವಾಗಿದ್ದು ಹೀಗೆ. ತಾತನ ಕಾಲದ ಮೀನು ಬೇರೆ, ಈಗಿನದು ಬೇರೆ ಅನ್ನಿಸುತ್ತಿದೆ. ಹಳೆಯದು ಹೋಗಿ ಹೊಸದು ಬಂದು ಕೂತಿದೆಯಾ, ಅಥವಾ ಎರಡೂ ಬೆರೆತು ಹೀಗಾಗಿದೆಯಾ ಎಂಬುದು ಪ್ರಶ್ನೆ. ಅನುಮಾನ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೆ ಆಧಾರ ಇದೆ.

ಮಹಶೀರ್ ಅನ್ನುವುದು ಒಂದೇ ಮೀನಲ್ಲ, ಒಂದು ದೊಡ್ಡ ಕುಟುಂಬ. ಕಾವೇರಿಯ ಗೂನು ಬೆನ್ನಿನ, ಕೆಂಪು ರೆಕ್ಕೆಯ ಮೀನು ಅದರಲ್ಲೊಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮೀನು ಹಿಡಿದಿದ್ದರು. ಈಗಿನ ಲೆಕ್ಕದಲ್ಲಿ ಸುಮಾರು 54 ಕೆಜಿ. ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದು ಮಾತ್ರ 2018ರಲ್ಲಿ! ಅಲ್ಲಿಯವರೆಗೆ ಅದನ್ನು ಟಾರ್ ಮುಸ್ಸುಲ್ಲಾ ಅಂತ ಕರೆಯುತ್ತಿದ್ದರು. ಆ ಹೆಸರು ನಿಜಕ್ಕೂ ಬೇರೊಂದು ಗುಂಪಿನ ಮೀನಿನದು. ಮೋಯಾರ್ ಹೊಳೆಯಲ್ಲಿ ಸಿಕ್ಕ ಗೂನು ಮೀನಿನ ಡಿಎನ್‌ಎಯನ್ನು ಕೇರಳದ ಪಾಂಬಾರ್ ಹೊಳೆಯ ಟಾರ್ ರೆಮಾದೇವಿ ಎಂಬ ಮೀನಿನದರ ಜೊತೆ ಹೋಲಿಸಿದಾಗ ಎರಡೂ ಒಂದೇ ಎಂದು ಗೊತ್ತಾಯಿತು. ಮೋಯಾರ್ ಭವಾನಿಗೆ ಸೇರುತ್ತದೆ, ಪಾಂಬಾರ್ ಅಮರಾವತಿಗೆ. ಎರಡೂ ಕೊನೆಗೆ ಕಾವೇರಿಗೇ ಬರುತ್ತವೆ. ಅದೇ ವರ್ಷ ಈ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಗೆ ಸೇರಿತು.

ಇನ್ನು ನೀಲಿ ರೆಕ್ಕೆಯದು. ಅದು ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪುಣೆ ಕಡೆಯ ಹೊಳೆಯ ಮೀನನ್ನು ನೋಡಿ ಬರೆದಿಟ್ಟ ಹೆಸರು. ಪುಣೆಯ ನೀರು ಭೀಮಾಕ್ಕೆ ಬಂದು, ಕಲಬುರಗಿ ಸೀಮೆ ದಾಟಿ, ಕೃಷ್ಣೆಗೆ ಸೇರುತ್ತದೆ. ಅಂದರೆ ಖುದ್ರಿ ಕೃಷ್ಣೆಯ ಕಡೆಯ ಮೀನು. 1970ರ ದಶಕದಿಂದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಇದರ ಮರಿ ಮಾಡಿ ದೇಶದ ನಾನಾ ಕಡೆ ಹಂಚಿದರು. ಕಾವೇರಿಗೂ ಬಂತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಮಹಶೀರ್ ಕಡಿಮೆ ಆಗ್ತಿದೆ, ಮಹಶೀರ್ ಬಿಡೋಣ ಅಂದುಕೊಂಡರು. ಮೇಕೆದಾಟು, ಭೀಮೇಶ್ವರಿ ಕಡೆ ಗಾಳ ಹಾಕಿ ಹಿಡಿದು ವಾಪಸ್ ಬಿಡುತ್ತಿದ್ದವರ ದಾಖಲೆಗಳಿವೆ. 1998ರಿಂದ 2012ರವರೆಗಿನ ಆ ಲೆಕ್ಕ ನೋಡಿದರೆ ನೀಲಿ ರೆಕ್ಕೆಯದು ಏರುತ್ತಾ ಹೋಗಿ, ಗೂನು ಮೀನು ಇಳಿಯುತ್ತಾ ಬಂದದ್ದು ಕಾಣುತ್ತದೆ.

ಹಾಗಾದರೆ ನಿಮ್ಮ ಫ್ರೀಜರ್‌ನಲ್ಲಿರುವುದು ಖುದ್ರಿ ಅಂತ ರೆಕ್ಕೆ ಬಣ್ಣ ನೋಡಿಯೇ ಹೇಳಬಹುದಾ? ಊಹೆ ಮಾಡಬಹುದು. ನಾನು ಮಾತ್ರ ಬರೆದು ಸಹಿ ಹಾಕುವುದಿಲ್ಲ. ರೆಕ್ಕೆಯ ಬಣ್ಣ ವಯಸ್ಸು, ನೀರು, ಆಹಾರದ ಜೊತೆ ಹೆಚ್ಚುಕಮ್ಮಿ ಆಗುತ್ತದೆ. ಹಿಡಿದು ಅರ್ಧ ಗಂಟೆ ಬಿಸಿಲಲ್ಲಿಟ್ಟರೆ ಮತ್ತೊಂದು ಬಣ್ಣ. ಮರಿಗಳಲ್ಲಂತೂ ಗೂನು ಎದ್ದು ಕಾಣುವುದಿಲ್ಲ. ಬೆರಕೆ ಮೀನಾದರೆ ಅಮ್ಮನ ರೆಕ್ಕೆ, ಅಪ್ಪನ ಬೆನ್ನು ಹೇಗೆ ಬೇಕಾದರೂ ಬಂದಿರಬಹುದು.

ಈಗ ಭಾವಮೈದುನರ ಮಾತಿಗೆ ಬರೋಣ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಡಿಎನ್‌ಎ ಒಳಗೆ ಊರಿನ ಹೆಸರು ಬರೆದಿರುವುದಿಲ್ಲ. ಅದರಲ್ಲಿರುವುದು ನಂಟಸ್ತಿಕೆ ಮಾತ್ರ. ಯಾರು ಯಾರಿಗೆ ಹತ್ತಿರ, ಯಾರು ದೂರ, ಅಷ್ಟೇ.

ಒಬ್ಬರು ಬಾಯಿ ಬಿಟ್ಟು ನಾಲ್ಕು ಮಾತಾಡಿದರೆ ಇವರು ಮಂಡ್ಯದವರು, ಇವರು ಧಾರವಾಡದವರು ಅಂತ ನೀವು ಹೇಳಿಬಿಡುತ್ತೀರಿ, ಅಲ್ವಾ? ಅದಕ್ಕೆ ಕಾರಣ ಆ ಎರಡೂ ಕಡೆಯ ಕನ್ನಡವನ್ನು ಮೊದಲೇ ಕೇಳಿರುವುದು. ಕುಂದಾಪುರದ ಕನ್ನಡವನ್ನು ಜನ್ಮದಲ್ಲಿ ಕೇಳಿಲ್ಲ ಅಂದುಕೊಳ್ಳಿ. ಕುಂದಾಪುರದವರೊಬ್ಬರು ಬಂದು ಮಾತಾಡಿದರೆ, ಮಂಡ್ಯ ಅಥವಾ ಧಾರವಾಡ ಎರಡರಲ್ಲಿ ಒಂದನ್ನು ಹೇಳಲೇಬೇಕು ಅಂದರೆ, ಯಾವುದೋ ಒಂದನ್ನು ಹೇಳುತ್ತೀರಿ. ಧೈರ್ಯವಾಗಿ ತಪ್ಪು ಹೇಳುತ್ತೀರಿ. ನಮ್ಮ ಕಂಪ್ಯೂಟರ್ ಪ್ರೋಗ್ರಾಂಗಳೂ ಬಹುಮಟ್ಟಿಗೆ ಹೀಗೇ. ಕೊಟ್ಟ ಮಾದರಿಗಳಲ್ಲಿ ಯಾವುದಕ್ಕೆ ಹತ್ತಿರವೋ ಅದರ ಕಡೆ ಕೈ ತೋರಿಸುತ್ತವೆ. ನಿಜವಾದ ತವರು ಆ ಪಟ್ಟಿಯಲ್ಲೇ ಇಲ್ಲದಿದ್ದರೂ, 80 ಪರ್ಸೆಂಟ್ ಇಂಥ ಕಡೆಯದು ಅಂತ ಚೆಂದದ ಬಣ್ಣದ ಪಟ್ಟಿ ಬಿಡಿಸಿ ಕೊಡುತ್ತವೆ. ಆ ಬಣ್ಣದ ಪಟ್ಟಿ ನೋಡಿ ಮೋಸ ಹೋದವರಲ್ಲಿ ನಾನೂ ಒಬ್ಬ.

ಒಂದೊಂದು ಹೊಳೆಯ ಮೀನಿಗೆ ಒಂದೊಂದು ಗುರುತು ಬರುವುದಾದರೂ ಹೇಗೆ? ಮೂಡಿಗೆರೆ, ಕಳಸದ ಬೆಟ್ಟಗಳನ್ನು ನೆನಪಿಸಿಕೊಳ್ಳಿ. ಒಂದೇ ಮಳೆ. ಒಂದು ಪಕ್ಕ ಬಿದ್ದದ್ದು ಹೇಮಾವತಿಗೆ ಹೋಗಿ ಕಾವೇರಿ ಸೇರುತ್ತದೆ. ಇನ್ನೊಂದು ಪಕ್ಕ ಬಿದ್ದದ್ದು ಭದ್ರೆಗೆ ಹೋಗಿ, ತುಂಗಭದ್ರೆಯಾಗಿ ಕೃಷ್ಣೆಗೆ. ನಡುವೆ ಇರುವುದು ಒಂದು ಗುಡ್ಡದ ಸಾಲು ಅಷ್ಟೇ. ನಾವು ಅರ್ಧ ದಿನದಲ್ಲಿ ನಡೆದು ದಾಟಬಹುದು. ಮೀನಿಗೆ ಆಗುವುದಿಲ್ಲ. ಎರಡೂ ನದಿ ಬಂಗಾಳ ಕೊಲ್ಲಿಗೇ ಬೀಳುತ್ತವಲ್ಲ, ಸಮುದ್ರ ಸುತ್ತಿಕೊಂಡು ಹೋಗಬಾರದೇ ಅಂತ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಆದರೆ ಮಹಶೀರ್‌ಗೆ ಉಪ್ಪುನೀರು ಆಗಿಬರುವುದಿಲ್ಲ. ಹೀಗೆ ಸಾವಿರಾರು ತಲೆಮಾರು ಬೇರೆ ಬೇರೆ ಇದ್ದರೆ ಎರಡೂ ಕಡೆ ಡಿಎನ್‌ಎಯಲ್ಲಿ ಸಣ್ಣ ಸಣ್ಣ ಅಕ್ಷರ ಬದಲಾವಣೆಗಳು ಬೇರೆ ಬೇರೆಯಾಗಿ ಸೇರುತ್ತವೆ. ಹೆಚ್ಚಿನವು ಮೀನಿಗೆ ಲಾಭವೂ ಅಲ್ಲ, ನಷ್ಟವೂ ಅಲ್ಲ. ನಮಗೆ ಗುರುತು ಹಿಡಿಯಲು ಅವೇ ಆಸರೆ.

ಅಣೆಕಟ್ಟುಗಳೂ ಹೊಳೆಯನ್ನು ಕತ್ತರಿಸಿವೆ. ಆದರೆ ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಮೀನಿನ ತಲೆಮಾರುಗಳ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ.

ಲ್ಯಾಬ್‌ನಲ್ಲಿ ಎರಡು ಬಗೆಯ ಡಿಎನ್‌ಎ ನೋಡುತ್ತೇವೆ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಕೊಡಬೇಡಿ. ಮೊದಲನೆಯದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ. ಮೀನುಗಳಲ್ಲಿ ಇದು ಸುಮಾರು 16,500 ಅಕ್ಷರಗಳ ಪುಟ್ಟ ಉಂಗುರ. ಇದು ಬರುವುದು ತಾಯಿಯಿಂದ ಮಾತ್ರ. ತುಳುನಾಡಿನವರಿಗೆ ಇದನ್ನು ವಿವರಿಸುವುದು ಸುಲಭ, ಅವರ 'ಬರಿ' ಎಂಬ ಕುಲದ ಹೆಸರು ಇದ್ದ ಹಾಗೆ. ಮಕ್ಕಳಿಗೆ ತಾಯಿಯ ಬರಿ, ಅಪ್ಪನದು ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಮಾಡಿಕೊಡುವ ಖಾಸಗಿ ಲ್ಯಾಬ್‌ಗಳು ಸಾಮಾನ್ಯವಾಗಿ ಈ ಉಂಗುರದ ಸುಮಾರು 650 ಅಕ್ಷರದ ಒಂದು ತುಂಡನ್ನು ಓದುತ್ತವೆ. ಬಾರ್‌ಕೋಡ್ ಅನ್ನುತ್ತಾರೆ. ಇದು ಯಾವ ಜಾತಿಯ ಮೀನು ಎಂಬ ಪ್ರಶ್ನೆಗೆ ಬೇಗ ಉತ್ತರ ಸಿಗುತ್ತದೆ, ಖರ್ಚೂ ಕಡಿಮೆ.

ತೊಂದರೆ ಎಲ್ಲಿ ನೋಡಿ. ಖುದ್ರಿ ತಾಯಿ, ಗೂನು ಮೀನು ತಂದೆ ಸೇರಿ ಒಂದು ಹೆಣ್ಣು ಮರಿ ಹುಟ್ಟಿತು ಅಂತಿಟ್ಟುಕೊಳ್ಳಿ. ಬಾರ್‌ಕೋಡ್ ಅದನ್ನು ಖುದ್ರಿ ಅನ್ನುತ್ತದೆ. ಆ ಮರಿ ಬೆಳೆದು ಮತ್ತೆ ಗೂನು ಮೀನಿನ ಜೊತೆ ಸೇರಿ, ಅದರ ಮಗಳೂ ಹಾಗೇ, ಮೊಮ್ಮಗಳೂ ಹಾಗೇ ಆಯಿತು ಎಂದರೆ, ನಾಲ್ಕನೇ ತಲೆಮಾರಿನ ಮೀನಿನಲ್ಲಿ ಖುದ್ರಿಯ ಪಾಲು ಉಳಿದಿರುವುದು 16ರಲ್ಲಿ ಒಂದು. ಆದರೂ ಬಾರ್‌ಕೋಡ್ ರಿಪೋರ್ಟ್‌ನಲ್ಲಿ ಖುದ್ರಿ ಅಂತಲೇ ಬರುತ್ತದೆ. ತಿರುಗಾಮುರುಗಾ ಆದರೆ ಇನ್ನೂ ಕಷ್ಟ. ಅಜ್ಜಿಯ ಅಜ್ಜಿ ಗೂನು ಮೀನು, ಉಳಿದವರೆಲ್ಲ ಹೊರಗಿನವರು, ಆದರೂ ರಿಪೋರ್ಟ್‌ನಲ್ಲಿ ಅಪ್ಪಟ ಕಾವೇರಿ ಮೀನು ಅಂತ ಇರುತ್ತದೆ.

ಬೆರಕೆ ಎಷ್ಟು ಅಂತ ತಿಳಿಯಬೇಕಾದರೆ ಎರಡನೆಯದು ಬೇಕು. ಜೀವಕೋಶದ ಕೇಂದ್ರದಲ್ಲಿರುವ, ತಂದೆ ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎ. ಅಲ್ಲಿ ಒಂದೆರಡಲ್ಲ, ನೂರಾರು ಸಾವಿರಾರು ಕಡೆ ಅಕ್ಷರ ಹೋಲಿಸಬೇಕು. ಭಾವಮೈದುನರು ಹೇಳುವ ಪರ್ಸೆಂಟ್ ಬರುವುದು ಇಲ್ಲಿಂದ. ಮಹಶೀರ್ ಇಲ್ಲಿ ಇನ್ನೊಂದು ತಕರಾರು ತೆಗೆಯುತ್ತದೆ. ರೋಹು, ಕಾಟ್ಲಾ ಮೀನುಗಳಲ್ಲಿ ಕ್ರೋಮೋಸೋಮು, ಅಂದರೆ ಡಿಎನ್‌ಎ ಸುತ್ತಿಟ್ಟ ಎಳೆಗಳು, 50. ಮಹಶೀರ್‌ನಲ್ಲಿ 100. ಬಹಳ ಹಿಂದೆ ಇಡೀ ಜೀನೋಮು, ಅಂದರೆ ಡಿಎನ್‌ಎಯ ಪೂರ್ತಿ ಗಂಟು, ಇಮ್ಮಡಿಯಾದ ವಂಶ ಅದು. ಹಾಗಾಗಿ ಒಂದೇ ಥರ ಕಾಣುವ ಎರಡು ಜಾಗ ಓದಿನಲ್ಲಿ ಬೆರೆತುಹೋಗುತ್ತವೆ. ಅವಳಿಜವಳಿಗಳಿಗೆ ಒಂದೇ ಹಾಜರಿ ಪುಸ್ತಕ ಇಟ್ಟಂತೆ. ಇದನ್ನು ಬಿಡಿಸುವುದು ಗೊತ್ತಿರುವವರ ಕೈಗೇ ಕೊಡಬೇಕು. ಕೋಳಿ, ಕುರಿ ಪರೀಕ್ಷೆ ಮಾಡುವ ಲ್ಯಾಬ್‌ನವರು ಇದನ್ನೂ ಮಾಡ್ತೀವಿ ಅಂದರೆ ನಾನಾಗಿದ್ದರೆ ಹಿಂದೆ ಸರಿಯುತ್ತಿದ್ದೆ.

ಹೆಸರಿನ ಗೋಜಲು ಬೇರೆ ಇದೆ. ಜಗತ್ತಿನ ಡಿಎನ್‌ಎ ಭಂಡಾರದಲ್ಲಿ ಮಹಶೀರ್ ಹೆಸರಿನಲ್ಲಿರುವ ಎಷ್ಟೋ ದಾಖಲೆಗಳಿಗೆ ಅಂಟಿಸಿದ ಚೀಟಿಯೇ ತಪ್ಪು. 2018ಕ್ಕೆ ಮುಂಚಿನ ಹೆಸರುಗಳು ಹಾಗೇ ಉಳಿದಿವೆ. ಒಮ್ಮೆ ಒಬ್ಬರು 99 ಪರ್ಸೆಂಟ್ ಹೊಂದಿಕೆ ಅಂತ ಲ್ಯಾಬ್ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ನನ್ನ ಹತ್ತಿರ ಬಂದಿದ್ದರು. ಹೊಂದಿಕೆ ಸರಿಯಾಗೇ ಇತ್ತು. ಹೊಂದಿದ ದಾಖಲೆಯ ಹೆಸರೇ ಹಳೇ ಮುಸ್ಸುಲ್ಲಾ. ಲ್ಯಾಮಿನೇಷನ್ ಖರ್ಚು ದಂಡ.

ಈಗ ನಿಮ್ಮ ಡಬ್ಬಿ. ಪರ್ಸೆಂಟ್ ಹೇಳಬೇಕಾದರೆ ಅಪ್ಪಟ ಕಾವೇರಿ ಮೀನು ಹೇಗಿತ್ತು ಅಂತ ತಿಳಿದಿರಬೇಕು. ಇವತ್ತು ಹೊಳೆಯಲ್ಲಿ ಹಿಡಿದ ಮೀನನ್ನೇ ಅಪ್ಪಟ ಅಂತ ಇಟ್ಟುಕೊಂಡರೆ, ಅದರಲ್ಲಿ ಆಗಲೇ ಬೆರಕೆ ಸೇರಿದ್ದರೆ, ಅಳತೆಗೋಲೇ ಡೊಂಕು. ಹೊರಗಿನ ಮರಿ ಬರುವುದಕ್ಕೆ ಮುಂಚಿನ ಮೀನು ಬೇಕು. ನಿಮ್ಮ ತಾತ 1960ರ ಸುಮಾರಿಗೆ ಎತ್ತಿಟ್ಟಿದ್ದಾರೆ. ಲೋನಾವಳದ ಮರಿಗಳು ಹೊರಟಿದ್ದು ಆಮೇಲೆ.

ಅಷ್ಟು ಹಳೇ ಹುರುಪೆಯಲ್ಲಿ ಡಿಎನ್‌ಎ ಉಳಿದಿರುತ್ತದಾ ಅಂತ ಕೇಳಬಹುದು. ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಯೂರೋಪಿನಲ್ಲಿ ಸಾಲ್ಮನ್ ಮೀನಿನ ವಯಸ್ಸು ಎಣಿಸಲು ಹುರುಪೆ ತೆಗೆದು ಲಕೋಟೆಯಲ್ಲಿಡುವ ರೂಢಿ ಮೊದಲಿಂದ ಇತ್ತು. 1997ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಅಂಥ ಹುರುಪೆಗಳಿಂದಲೇ ಡಿಎನ್‌ಎ ತೆಗೆದು 60 ವರ್ಷದಲ್ಲಿ ಒಂದು ಹೊಳೆಯ ಮೀನು ಎಷ್ಟು ಬದಲಾಗಿದೆ ಅಂತ ಹೋಲಿಸಿದರು. ಒಣಗಿದ ಹುರುಪೆಗೆ ಅಂಟಿಕೊಂಡ ತೆಳು ಚರ್ಮ, ಲೋಳೆ, ಅದೇ ಸಾಕು. ನಮ್ಮ ಸೆಕೆ, ತೇವ ಡೆನ್ಮಾರ್ಕಿನಂತಲ್ಲ, ನಿಜ. ಡಿಎನ್‌ಎ ಚೂರುಚೂರಾಗಿರುತ್ತದೆ. ಚೂರುಗಳನ್ನು ಓದುವ ವಿಧಾನ ಈಗ ಇದೆ. ಆದರೆ ಒಂದೇ ಡಬ್ಬಿಯಲ್ಲಿ ಇಷ್ಟು ವರ್ಷ ಉಜ್ಜಾಡಿವೆ, ಹತ್ತು ಜನ ಮುಟ್ಟಿದ್ದಾರೆ. ಅದಕ್ಕೇ ಇದನ್ನು ಹೊಸ ಮೀನು ಕತ್ತರಿಸುವ ಮೇಜಿನ ಮೇಲೆ ಮಾಡುವಂತಿಲ್ಲ. ಹಳೇ ಮಾದರಿಗೆ ಅಂತಲೇ ಬೇರೆ ಕೋಣೆ ಇರುವ ಸಂಶೋಧನಾ ಸಂಸ್ಥೆ ಆಗಬೇಕು.

ನಿಮ್ಮ ಮುಂದಿರುವ ದಾರಿಗಳು ಇವು. ಫ್ರೀಜರ್‌ನ ತುಂಡಿಗೆ ಬಾರ್‌ಕೋಡ್ ಮಾಡಿಸಿ ಕುತೂಹಲ ತಣಿಸಿಕೊಳ್ಳಬಹುದು. ಅದು ತಾಯಿಯ ಕಡೆಯ ಉತ್ತರ ಮಾತ್ರ ಅಂತ ಗೊತ್ತಿದ್ದರೆ ನಷ್ಟವಿಲ್ಲ. ಕರೆಂಟ್ ಹೋಗಿ ಬಂದು ತುಂಡು ಕರಗಿ ಮತ್ತೆ ಗಡ್ಡೆ ಕಟ್ಟುತ್ತಿದ್ದರೆ ಡಿಎನ್‌ಎ ಹಾಳಾಗುತ್ತದೆ. ಉಗುರಿನಷ್ಟು ಮಾಂಸವನ್ನೋ ರೆಕ್ಕೆಯ ತುದಿಯನ್ನೋ ಕತ್ತರಿಸಿ, 95 ಪರ್ಸೆಂಟ್ ಈಥೈಲ್ ಆಲ್ಕೋಹಾಲ್‌ನಲ್ಲಿ ಮುಳುಗಿಸಿಡಿ. ಫಾರ್ಮಾಲಿನ್ ಮಾತ್ರ ಬೇಡ, ಡಿಎನ್‌ಎ ಕೆಟ್ಟುಹೋಗುತ್ತದೆ.

ಎರಡನೇ ದಾರಿ, ತುಂಡು ಮತ್ತು ಹುರುಪೆ ಎರಡನ್ನೂ ಒಂದು ಸಂಶೋಧನಾ ತಂಡಕ್ಕೆ ಕೊಡುವುದು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಬಿಎಸ್ ಇವೆ. ಲಖನೌದಲ್ಲಿ ಮೀನಿನ ತಳಿ ಸಂಪನ್ಮೂಲಕ್ಕೆಂದೇ ಎನ್‌ಬಿಎಫ್‌ಜಿಆರ್ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಇದು ನಿಧಾನದ ದಾರಿ. ನಿಮ್ಮದೊಂದೇ ಮೀನಿಗಾಗಿ ಯಾರೂ ಕೂರುವುದಿಲ್ಲ. ಒಂದು ಜಾಗದ ಕಥೆ ಹೇಳಬೇಕಾದರೆ ಅಲ್ಲಿಂದ ಸುಮಾರು 30 ಮೀನಿನ ಮಾದರಿಯಾದರೂ ಇರಲಿ ಅಂತ ನಾವು ಬಯಸುತ್ತೇವೆ. ನಿಮ್ಮದು ಅಂಥ ಒಂದು ದೊಡ್ಡ ಕೆಲಸದಲ್ಲಿ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಉತ್ತರ ಬರದೇ ಇರಬಹುದು. ಕೊಡುವಾಗ ಎಲ್ಲವನ್ನೂ ಕೊಡಬೇಡಿ. ಒಂದೆರಡು ಹುರುಪೆ ಸಾಕು. ಉಳಿದದ್ದು ಮನೆಯಲ್ಲಿರಲಿ. ಹೊರದೇಶಕ್ಕೆ ಕಳಿಸಿಕೊಡಿ ಅಂತ ಯಾರಾದರೂ ಕೇಳಿದರೆ, ಜೀವವೈವಿಧ್ಯ ಕಾಯ್ದೆ ಪ್ರಕಾರ ಅದಕ್ಕೆ ಅನುಮತಿ ಬೇಕು.

ಇನ್ನೊಂದು ವಿಧಾನವೂ ಉಂಟು. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಅದು ಬೆಳೆದ ನೀರಿನ ಖನಿಜದ ಗುರುತು ಪದರ ಪದರವಾಗಿ ಉಳಿದಿರುತ್ತದೆ. ವಂಶ ಕೇಳುವುದು ಡಿಎನ್‌ಎಯನ್ನು, ವಾಸ ಕೇಳುವುದು ಆ ಕಲ್ಲನ್ನು. ಆದರೆ ಅದಕ್ಕೆ ಮೀನು ಸಾಯಬೇಕು. ಗೂನು ಮೀನಿನ ವಿಷಯದಲ್ಲಿ ಆ ಮಾತೇ ಬೇಡ. ಮಾದರಿ ಬೇಕು ಅಂತ ನೀವಾಗಿ ಹೊಳೆಗೂ ಇಳಿಯಬೇಡಿ. ಕಾವೇರಿ ವನ್ಯಧಾಮದ ಒಳಗೆ ಅನುಮತಿ ಇಲ್ಲದೆ ಮೀನು ಹಿಡಿಯುವುದು ಅಪರಾಧ. ಹೊರಗೆ ನಿಮ್ಮ ಪರಿಚಯದವರ ಬಲೆಗೆ ಕೆಂಪು ರೆಕ್ಕೆಯ ಗೂನು ಮೀನು ಬಿದ್ದರೆ, ನೀರಿನಲ್ಲೇ ಒಂದು ಫೋಟೊ ತೆಗೆದು ಬಿಟ್ಟುಬಿಡಲು ಹೇಳಿ.

ಮರಿ ಬಿಡುವ ವಿಷಯ. ನೇರವಾಗಿ ಹೇಳುತ್ತೇನೆ, ಬೇಡ. ನಿಮಗೆ ದುಡ್ಡಿಗೆ ಸಿಗುವ ಮಹಶೀರ್ ಮರಿ ಬಹುತೇಕ ಖುದ್ರಿಯೇ ಆಗಿರುತ್ತದೆ. ತಾತನ ಹೆಸರಿನಲ್ಲಿ ತಾತನ ಮೀನಿಗೇ ಪೈಪೋಟಿ ಇಳಿಸಿದಂತೆ ಆಗುತ್ತದೆ. ಜಾತಿ ಸರಿಯಾಗಿದ್ದರೂ ಇನ್ನೊಂದು ಅಪಾಯ ಇದೆ. ಮರಿ ಕೇಂದ್ರದಲ್ಲಿ ಸಾವಿರ ಮರಿಗೆ ತಾಯಿ ತಂದೆ ನಾಲ್ಕಾರು ಮೀನು ಇರಬಹುದು. ಮಹಶೀರ್ ಹೆಣ್ಣು ಒಂದೊಂದೂ ಸಾವಿರಾರು ಮೊಟ್ಟೆ ಇಡುತ್ತದೆ. ಅಂದರೆ ಹೊಳೆಗೆ ಬಿಟ್ಟಿದ್ದು ಸಾವಿರ ಒಡಹುಟ್ಟುಗಳು. ಮೊದಲೇ ಕೈಬೆರಳಲ್ಲಿ ಎಣಿಸುವಷ್ಟು ಕಾಡು ಮೀನು ಉಳಿದಿರುವ ಕಡೆ, ಮುಂದಿನ ತಲೆಮಾರಿನಲ್ಲಿ ಅಣ್ಣ ತಂಗಿಯರೇ ಕೂಡುವ ಹಾಗಾಗುತ್ತದೆ. ಅಣೆಕಟ್ಟಿನ ನೀರು ದಿಢೀರ್ ಏರಿಳಿದು, ಮರಳು ತೆಗೆದು, ಸಿಡಿಮದ್ದು ಹಾಕಿ ಮೀನು ಹಿಡಿದು ಕೆಟ್ಟ ಹೊಳೆಯನ್ನು ಮರಿ ಬಿಟ್ಟು ಸರಿಮಾಡಲು ಆಗುವುದಿಲ್ಲ. ನಮ್ಮ ಬೆಂಗಳೂರಿನ ಕೊಚ್ಚೆ ವೃಷಭಾವತಿ, ಅರ್ಕಾವತಿ ಹಾದು ಸಂಗಮದಲ್ಲಿ ಅದೇ ಕಾವೇರಿಗೆ ಸೇರುತ್ತದೆ. ನಿಮ್ಮ ಬನಶಂಕರಿ ನಲ್ಲಿಯ ನೀರು ಪಂಪ್ ಆಗಿ ಬರುವುದು ನಿಮ್ಮ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದಲೇ. ಮರಿಗೆ ಇಟ್ಟ ದುಡ್ಡಿನಲ್ಲಿ ಅಣ್ಣತಮ್ಮಂದಿರು ಊರಿನ ಮೀನುಗಾರರ ಜೊತೆ ಕೂತು, ಯಾವ ಮಡುವಿನಲ್ಲಿ ಯಾವ ಮೀನು ಬಿತ್ತು ಅಂತ ಫೋಟೊ ಸಮೇತ ಒಂದು ಪುಸ್ತಕ ಇಡಲು ಶುರುಮಾಡಿದರೆ ನನ್ನಂಥವರಿಗೆ ಅದು ಹೆಚ್ಚು ಬೆಲೆಬಾಳುತ್ತದೆ.

ಈ ವಾರ ಮಾಡಬೇಕಾದ್ದು ಇಷ್ಟು. ಕೈಗವಸು ಹಾಕಿಕೊಂಡು ಒಂದೊಂದು ಹುರುಪೆಯನ್ನೂ ಒಂದೊಂದು ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಬೇಡ, ಬೆವರುತ್ತದೆ. ತೇವ ಇಲ್ಲದ ಕಡೆ ಇಡಿ. ಅಮ್ಮ ಡಬ್ಬಿ ತೊಳೆದಿಡುವ ಮುಂಚೆ ಹೇಳಿಬಿಡಿ. ಆಮೇಲೆ ಅಪ್ಪನ ಪಕ್ಕ ಕೂತು ಕೇಳಿ. ಯಾವ ಮಡು, ಶಿವನಸಮುದ್ರದ ಜಲಪಾತಕ್ಕಿಂತ ಮೇಲೋ ಕೆಳಗೋ, ಮಳೆಗಾಲಕ್ಕೆ ಮುಂಚೆಯೋ ಆಮೇಲೋ, ಮೀನು ಎಷ್ಟು ದೊಡ್ಡದಿತ್ತು, ಎಲ್ಲ ಒಂದೇ ಮೀನಿನ ಹುರುಪೆಯೋ ಬೇರೆ ಬೇರೆಯವೋ. ನೆನಪಿದ್ದಷ್ಟನ್ನು ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.